ಹಂಚಿನ ಮಾಡಿಗೆ ಮನೆ ವಿಮೆ: ಸಿಗುವುದೇನು, ಸಿಗದಿರುವುದೇನು

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಆಸುಪಾಸಿನಲ್ಲಿ ಮನೆಗೆ ವಿಮೆ ಇರುವವರನ್ನು ಕೇಳಿದರೆ ಹೆಚ್ಚಿನವರು, "ಬ್ಯಾಂಕಿನವರು ಸಾಲ ಕೊಡುವಾಗ ಮಾಡಿಸಿದ್ದು" ಎನ್ನುತ್ತಾರೆ. ಪಾಲಿಸಿಯ ಕಾಗದ ಬ್ಯಾಂಕಿನ ಕಡತದಲ್ಲಿರುತ್ತದೆ, ಅದನ್ನು ಓದಿದವರು ಅಪರೂಪ. ನಮ್ಮದು ಸಾಲವಿಲ್ಲದ ಹಳೆಯ ಮನೆ. ಮುಂಭಾಗಕ್ಕೆ ಮಂಗಳೂರು ಹಂಚು, ಅದನ್ನು ಹೊರಲು ಹಲಸಿನ ಪಕ್ಕಾಸು (ಇಳಿಜಾರಾಗಿ ಕೂರಿಸಿದ ಮರದ ತೊಲೆಗಳು). ಹಿಂಭಾಗದಲ್ಲಿ ಆಮೇಲೆ ಕಟ್ಟಿದ ತಾರಸಿಯ ಕೋಣೆಗಳು, ಅವುಗಳ ಮೇಲೆ ಟ್ರಸ್ (ಕಬ್ಬಿಣದ ಚೌಕಟ್ಟು) ಹಾಕಿ ಹೊದೆಸಿದ ಶೀಟು. ವರ್ಷಕ್ಕೆ ಸುಮಾರು ಮೂರೂವರೆ ಸಾವಿರ ಮಿಲಿಮೀಟರ್ ಮಳೆ ಸುರಿಯುವ ಈ ಜಿಲ್ಲೆಯಲ್ಲಿ ಗೋಡೆಗಿಂತ ಮೊದಲು ಸೋಲುವುದು ಮಾಡು, ಅಂದರೆ ಛಾವಣಿ. ನಾನು ವಿಮೆ ಮಾಡಿಸಿದ್ದು ಮಾಡನ್ನು ನೆನೆದೇ.

ನಾನು ತೆಗೆದುಕೊಂಡದ್ದು 'ಭಾರತ್ ಗೃಹ ರಕ್ಷಾ'. ವಿಮಾ ನಿಯಂತ್ರಣ ಪ್ರಾಧಿಕಾರದ ಆದೇಶದಂತೆ 2021ರ ಏಪ್ರಿಲ್ 1ರಿಂದ ಸಾಮಾನ್ಯ ವಿಮಾ ಕಂಪನಿಗಳು ಮನೆಗಳಿಗೆ ಕೊಡುತ್ತಿರುವ ಮಾದರಿ ಪಾಲಿಸಿ ಇದು. ಯಾವ ಕಂಪನಿಯಿಂದ ತೆಗೆದುಕೊಂಡರೂ ಮೂಲ ಷರತ್ತುಗಳು ಒಂದೇ. ಹಣ ಕಟ್ಟುವ ಮೊದಲು ಅದರ ಷರತ್ತುಗಳನ್ನು ಒಂದು ಸಂಜೆ ಕುಳಿತು ಓದಿದೆ. ಯಾವ ಘಟನೆಗಳಿಂದ ಹಾನಿಯಾದರೆ ಪರಿಹಾರ ಎಂಬ ಪಟ್ಟಿ ಅದರಲ್ಲಿದೆ: ಬೆಂಕಿ, ಸ್ಫೋಟ, ಸಿಡಿಲು, ಭೂಕಂಪ, ಬಿರುಗಾಳಿ, ಚಂಡಮಾರುತ, ಸುನಾಮಿ, ಪ್ರವಾಹ, ಭೂಕುಸಿತ, ಕಾಡ್ಗಿಚ್ಚು, ಮರವೋ ವಾಹನವೋ ಬಂದು ಬಡಿಯುವುದು, ಗಲಭೆ, ನೀರಿನ ಟ್ಯಾಂಕು ಅಥವಾ ಪೈಪು ಒಡೆಯುವುದು. ಪಟ್ಟಿಯನ್ನು ಮತ್ತೆ ಓದಿದಾಗ ಕಂಡದ್ದು, ಅದರಲ್ಲಿ ಬರಿಯ ಮಳೆ ಇಲ್ಲ. ಗಾಳಿ ಹಂಚು ಹಾರಿಸಿದರೆ ಪರಿಹಾರ ಕೇಳಬಹುದು, ತೋಡಿನ ನೀರು ಉಕ್ಕಿ ಮನೆಗೆ ನುಗ್ಗಿದರೆ ಕೇಳಬಹುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿದ ಮಳೆಗೆ ಮಾಡು ಮೆಲ್ಲನೆ ಸೋರಿ ಪಕ್ಕಾಸು ಕೊಳೆತರೆ ಕೇಳಲು ಆಧಾರವೇ ಇಲ್ಲ. ನಮ್ಮ ಕಡೆ ಮಾಡು ಹಾಳಾಗುವುದು ಹೆಚ್ಚಾಗಿ ಹೀಗೆ ಮೆಲ್ಲನೆ ಸೋರಿಯೇ. ಆದ್ದರಿಂದ ಈ ಗೆರೆಯನ್ನು ಮೊದಲು ತಿಳಿದುಕೊಳ್ಳಬೇಕು.

ಮುಳ್ಳೇರಿಯದಲ್ಲಿರುವ ನನ್ನ ಭಾವನ ಮನೆಯದು ತಾರಸಿ. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ನೀರು ಒಸರಿ ಸೀಲಿಂಗಿನ ಸಿಮೆಂಟು ಹೊಪ್ಪಳೆ ಹೊಪ್ಪಳೆಯಾಗಿ ಬಿತ್ತು. ಅವರು ಅರ್ಜಿ ಹಾಕಿದರು, ಕಂಪನಿ ನಿರಾಕರಿಸಿತು. ಭಾವನಿಗೆ ಬಹಳ ಬೇಸರವಾಯಿತು. ಆದರೂ ನಾನು ಅವರಿಗೆ ಹೇಳಿದ್ದು, ಈ ನಿರ್ಧಾರ ಸರಿಯಾಗಿಯೇ ಇದೆ ಎಂದು. ಒಸರುವುದು ಒಂದು ದಿನ ನಡೆದ ಘಟನೆಯಲ್ಲ, ವರ್ಷಗಟ್ಟಲೆಯ ಸವೆತ. ಅದಕ್ಕೆ ಬೇಕಾಗಿರುವುದು ನೀರು ಇಳಿಯದಂತೆ ಮಾಡುವ ಲೇಪನ ಮತ್ತು ಸರಿಯಾದ ಇಳಿಜಾರು.

ನನ್ನ ಅರ್ಜಿಯ ಕತೆ ಬೇರೆ. ಮುಂಗಾರಿಗೆ ಮುಂಚಿನ ಗುಡುಗುಮಳೆಯ ಹೊತ್ತಿನಲ್ಲಿ ಬೀಸಿದ ಗಾಳಿಗೆ ಅಂಗಳದಂಚಿನ ಹೆಬ್ಬಲಸಿನ ದೊಡ್ಡ ಕೊಂಬೆ ಮುರಿದು ಮಾಡಿನ ಪೂರ್ವಭಾಗದ ಮೇಲೆ ಬಿತ್ತು. ಹಂಚು ಪುಡಿಯಾಯಿತು, ರೀಪುಗಳು (ಹಂಚು ಕೂರಿಸುವ ಮರದ ಪಟ್ಟಿಗಳು) ಮತ್ತು ಕೆಲವು ಪಕ್ಕಾಸುಗಳು ಮುರಿದವು. ಆ ರಾತ್ರಿಯೇ ಕಂಪನಿಯ ಸಹಾಯವಾಣಿಗೆ ಕರೆ ಮಾಡಿ ದೂರಿನ ಸಂಖ್ಯೆ ಬರೆದಿಟ್ಟುಕೊಂಡೆ. ಬೆಳಗಾದ ಕೂಡಲೇ ಎಲ್ಲಾ ದಿಕ್ಕಿನಿಂದ ಫೋಟೊ ತೆಗೆದು, ಆಮೇಲೆ ಟಾರ್ಪಾಲು ಹೊದೆಸಿದೆವು. ಹಾನಿ ಹೆಚ್ಚಾಗದಂತೆ ನೋಡಿಕೊಳ್ಳುವುದು ವಿಮೆ ಮಾಡಿಸಿದವನ ಕರ್ತವ್ಯ. "ಸರ್ವೇಯರ್ (ಹಾನಿ ಅಂದಾಜಿಸಲು ಕಂಪನಿ ಕಳುಹಿಸುವವರು) ಬರುವವರೆಗೆ ಏನನ್ನೂ ಮುಟ್ಟಬೇಡಿ" ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಮುಚ್ಚಿ, ಆದರೆ ಮುಚ್ಚುವ ಮೊದಲು ಫೋಟೊ ತೆಗೆಯಿರಿ, ಟಾರ್ಪಾಲಿನ ಬಿಲ್ಲು ಇಟ್ಟುಕೊಳ್ಳಿ, ಒಡೆದ ಹಂಚು ಮತ್ತು ಮುರಿದ ಮರವನ್ನು ಎಸೆಯದೆ ಒಂದು ಮೂಲೆಯಲ್ಲಿ ರಾಶಿ ಹಾಕಿ. ಗ್ರಾಮಾಧಿಕಾರಿಗಳ ಕಚೇರಿಗೂ ಅರ್ಜಿ ಕೊಟ್ಟೆ. ಅವರ ಸ್ಥಳಪರಿಶೀಲನೆಯ ಕಾಗದ ಸರಕಾರದ ಪರಿಹಾರಕ್ಕಷ್ಟೇ ಅಲ್ಲ, ಗಾಳಿ ಬೀಸಿದ್ದು ನಿಜ ಎಂಬುದಕ್ಕೂ ಸಾಕ್ಷಿಯಾಗುತ್ತದೆ. ಮರುದಿನದ ಪತ್ರಿಕೆಯಲ್ಲಿ ನಮ್ಮ ಪಂಚಾಯತಿನ ಗಾಳಿಮಳೆಯ ಸುದ್ದಿ ಬಂದಿತ್ತು, ಆ ತುಣುಕನ್ನೂ ಸೇರಿಸಿದೆ.

ಸರ್ವೇಯರ್ ಏಣಿ ಹತ್ತಿ ನೋಡಿದರು. ಇಳಿದು ಬಂದು ಮಲಯಾಳದಲ್ಲಿ ಕೇಳಿದ್ದು ಒಂದೇ ಪ್ರಶ್ನೆ: "ಮಾಷೇ, ಈ ಪಕ್ಕಾಸು ಕೊಂಬೆ ಬಿದ್ದು ಮುರಿದದ್ದೋ, ಗೆದ್ದಲು ತಿಂದು ಮುರಿದದ್ದೋ?"

ಆ ಪ್ರಶ್ನೆಗೆ ನಾನು ಸಿದ್ಧನಾಗಿದ್ದೆ. ಪ್ರತಿ ವರ್ಷ ಮೇ ಕೊನೆಯಲ್ಲಿ ಬರುವ ಪತ್ತನಾಜೆಗೆ ಮುಂಚೆ ಹಂಚು ಕೈಯಾಡಿಸುವಾಗ ಮಾಡಿನ ಒಳಗಿನಿಂದಲೂ ಹೊರಗಿನಿಂದಲೂ ಫೋಟೊ ತೆಗೆದಿಡುವುದು ನನ್ನ ರೂಢಿ. ಒಡೆದ ಹಂಚು ಬದಲಿಸಿದ್ದು, ಮರಕ್ಕೆ ಗೆದ್ದಲಿನ ಎಣ್ಣೆ ಬಳಿದದ್ದು, ಕೆಲಸದವರಿಗೆ ಕೊಟ್ಟ ಕೂಲಿ, ಎಲ್ಲವೂ ಒಂದು ಪುಸ್ತಕದಲ್ಲಿವೆ. ಅವನ್ನು ತೋರಿಸಿ, "ಈ ಸಾಲಿನವು ಕಳೆದ ವರ್ಷ ಗಟ್ಟಿಯಾಗಿದ್ದವು, ನೋಡಿ. ಆ ಮೂಲೆಯವು ಗೆದ್ದಲು ಹಿಡಿದವು, ಅವುಗಳಿಗೆ ನಾನು ಹಣ ಕೇಳುತ್ತಿಲ್ಲ" ಎಂದೆ. ಆಚಾರಿಯಿಂದ ಅಂದಾಜುಪಟ್ಟಿ ಬರೆಸುವಾಗಲೂ ಹಾಗೆಯೇ ಮಾಡಿದ್ದೆ: ಕೊಂಬೆಯಿಂದಾದ ಹಾನಿ ಒಂದು ಹಾಳೆಯಲ್ಲಿ, ಹೇಗೂ ಮಾಡಬೇಕಾಗಿದ್ದ ಹಳೆಯ ದುರಸ್ತಿ ಇನ್ನೊಂದರಲ್ಲಿ. ಎರಡನ್ನೂ ಒಂದೇ ಮೊತ್ತವಾಗಿ ಬರೆದುಕೊಟ್ಟರೆ ಕಂಪನಿಯವರು ಸಂಶಯದಿಂದ ಪೂರ್ತಿಯನ್ನೇ ಕತ್ತರಿಸುತ್ತಾರೆ. ಇಷ್ಟಾದರೂ ಮೊದಲು ಬಂದ ಪತ್ರದಲ್ಲಿ ಮರದ ಬಾಬತ್ತು ಪೂರ್ತಿ ಸವೆತವೆಂದು ಕೈಬಿಟ್ಟಿದ್ದರು. ಕಂಪನಿಯ ದೂರು ಪರಿಹಾರ ಅಧಿಕಾರಿಗೆ ಹಿಂದಿನ ವರ್ಷದ ಫೋಟೊಗಳನ್ನೂ ಸರ್ವೇಯರ್ ವರದಿಯ ಪ್ರತಿಯನ್ನೂ ಲಗತ್ತಿಸಿ ಬರೆದೆ. ಗಟ್ಟಿಯಾಗಿದ್ದ ಪಕ್ಕಾಸುಗಳ ಹಣ ಆಮೇಲೆ ಬಂತು. ಆ ಫೋಟೊಗಳಿಲ್ಲದಿದ್ದರೆ ನನ್ನ ಮಾತಿಗೆ ಬೆಲೆ ಇರುತ್ತಿರಲಿಲ್ಲ ಎಂಬುದು ಖಂಡಿತ.

ಹಣದ ಲೆಕ್ಕದಲ್ಲೂ ಮಿತಿಗಳಿವೆ. ವಿಮಾ ಮೊತ್ತ ನಿಗದಿಯಾಗುವುದು ಮನೆಯ ಮಾರುಕಟ್ಟೆ ಬೆಲೆಯ ಮೇಲಲ್ಲ, ಅಷ್ಟೇ ಕಾರ್ಪೆಟ್ ವಿಸ್ತೀರ್ಣದ (ಗೋಡೆಗಳೊಳಗಿನ ಬಳಸುವ ನೆಲದ ಅಳತೆ) ಮನೆಯನ್ನು ಮತ್ತೆ ಕಟ್ಟುವ ವೆಚ್ಚದ ಮೇಲೆ. ಜಾಗದ ಬೆಲೆ ಲೆಕ್ಕಕ್ಕಿಲ್ಲ. ದುರಸ್ತಿಯ ಹಣ ಸಿಗುವುದು ಮೊದಲಿದ್ದ ಸ್ಥಿತಿಗೆ ತರುವಷ್ಟಕ್ಕೆ. ಹಂಚು ತೆಗೆದು ಕಬ್ಬಿಣದ ಟ್ರಸ್ಸೋ ಕಾಂಕ್ರೀಟೋ ಮಾಡಿಸುವುದಾದರೆ ಹೆಚ್ಚಿನದನ್ನು ನಾವೇ ಭರಿಸಬೇಕು. ಅವಶೇಷ ತೆರವಿಗೆ ಕೊಡುವುದು ಪರಿಹಾರದ ಮೊತ್ತದ ಶೇಕಡಾ 2ರವರೆಗೆ ಮಾತ್ರ. ಎಂಬತ್ತು ಸಾವಿರದ ಪರಿಹಾರವಾದರೆ ತೆರವಿಗೆ ಸಾವಿರದ ಆರುನೂರು. ಮಾಡಿನ ಮೇಲೆ ಬಿದ್ದ ಮರವನ್ನು ಹಗ್ಗ ಕಟ್ಟಿ, ಕತ್ತರಿಸಿ ಇಳಿಸುವವರ ಕೂಲಿ ಎಷ್ಟೆಂದು ಇಲ್ಲಿನವರಿಗೆ ಗೊತ್ತು. ಎಂಜಿನಿಯರ್ ಮುಂತಾದವರ ಶುಲ್ಕಕ್ಕೆ ಶೇಕಡಾ 5ರವರೆಗೆ ಅವಕಾಶವಿದೆ. ಒಂದು ಸಮಾಧಾನದ ಸಂಗತಿಯೂ ಇದೆ: ಕಡಿಮೆ ಮೊತ್ತಕ್ಕೆ ವಿಮೆ ಮಾಡಿಸಿದ್ದೀರಿ ಎಂದು ಪ್ರಮಾಣಾನುಸಾರ ಪರಿಹಾರ ಕಡಿತ ಮಾಡುವ ಹಳೆಯ ಪದ್ಧತಿ ಈ ಪಾಲಿಸಿಯಲ್ಲಿಲ್ಲ.

ಅಡಿಕೆ ಬೆಳೆಗಾರರು ವಿಶೇಷವಾಗಿ ಗಮನಿಸಬೇಕಾದದ್ದು ಅಟ್ಟದಲ್ಲಿಟ್ಟ ಅಡಿಕೆಯ ವಿಷಯ. ಕಟ್ಟಡಕ್ಕೆ ವಿಮೆ ಮಾಡಿಸಿದರೆ ಮನೆಯೊಳಗಿನ ಸಾಮಾನುಗಳಿಗೂ ಕಟ್ಟಡದ ಮೊತ್ತದ ಶೇಕಡಾ 20ರಷ್ಟು, ಗರಿಷ್ಠ 10 ಲಕ್ಷ ರೂಪಾಯಿಯವರೆಗೆ ತಾನಾಗಿಯೇ ರಕ್ಷಣೆ ಸಿಗುತ್ತದೆ. ಆದರೆ ಅದು ಮನೆಬಳಕೆಯ ಸಾಮಾನಿಗೆ. ಮಾರಾಟಕ್ಕೆ ಕಾಯುತ್ತಿರುವ ಗೋಣಿಗಳು ಒದ್ದೆಯಾಗಿ ಬೂಸ್ಟು ಹಿಡಿದರೆ ಆ ನಷ್ಟ ಇದರಲ್ಲಿ ಸೇರದು. ಅಡಿಕೆ ಒಣಗಿಸುವ ಶೀಟಿನ ಚಪ್ಪರ, ದನದ ಹಟ್ಟಿ, ಗೋದಾಮುಗಳನ್ನು ಕೂಡ ಮನೆಯ ಭಾಗವೆಂದು ತಾವಾಗಿಯೇ ಭಾವಿಸಬಾರದು. ವಾಸಕ್ಕಲ್ಲದ ಕಟ್ಟಡಗಳಿಗೆ ಪ್ರತ್ಯೇಕವಾಗಿ ಕೇಳಿ ವಿಮೆ ಮಾಡಿಸಬೇಕು.

ತಾರಸಿಯ ಮೇಲಿನ ಶೀಟಿನ ವಿಷಯವನ್ನು ನಾನು ಪಾಲಿಸಿ ಮಾಡಿಸುವಾಗಿನ ಅರ್ಜಿಯಲ್ಲೇ ಬರೆದು, ಫೋಟೊ ಸಹಿತ ಇಮೇಲ್ ಕಳುಹಿಸಿದ್ದೆ. ಪಾಲಿಸಿ ಮಾಡಿಸಿದ ಮೇಲೆ ಕಾರ್ಪೆಟ್ ವಿಸ್ತೀರ್ಣ ಶೇಕಡಾ 10ಕ್ಕಿಂತ ಹೆಚ್ಚಾಗುವಂತೆ ಕಟ್ಟಿ, ಹೆಚ್ಚುವರಿ ಪ್ರೀಮಿಯಂ ಕಟ್ಟಿ ಸೇರಿಸಿಕೊಳ್ಳದಿದ್ದರೆ ಹೊಸದಾಗಿ ಕಟ್ಟಿದ್ದಕ್ಕೆ ಪರಿಹಾರವಿಲ್ಲ. ಶೀಟಿನಡಿಯ ಜಾಗಕ್ಕೆ ಗೋಡೆ ಎಬ್ಬಿಸಿ ಕೋಣೆ ಮಾಡಿಕೊಂಡವರು ನಮ್ಮೂರಲ್ಲಿ ಎಷ್ಟೋ ಮಂದಿ ಇದ್ದಾರೆ. ಮಾಡು ಯಾವುದರದ್ದು ಎಂಬುದನ್ನೂ ಮುಚ್ಚಿಡಬಾರದು. ತೆಂಗಿನ ಮಡಲು, ಹುಲ್ಲು, ಬಿದಿರು, ಟಾರ್ಪಾಲಿನ ಮಾಡಿರುವ ಮನೆಯನ್ನು ಕಚ್ಚಾ ಕಟ್ಟಡವೆಂದು ಗುರುತಿಸುತ್ತಾರೆ.

ಕಡಲಕರೆಯವರ ಪಾಡು ನನಗೆ ನಿಜವಾಗಿಯೂ ನೋವು ತರುತ್ತದೆ. ಉಪ್ಪಳದ ಮುಸೋಡಿಯಲ್ಲಿ 2021ರ ಮೇ ತಿಂಗಳ ತೌಕ್ತೆ ಚಂಡಮಾರುತದ ಹೊತ್ತಿಗೆ ಕಡಲ್ಕೊರೆತದಿಂದ ಮನೆ ಕುಸಿದದ್ದನ್ನು ನಾವೆಲ್ಲ ನೋಡಿದ್ದೇವೆ. ಪಾಲಿಸಿಯಲ್ಲಿ ಚಂಡಮಾರುತ ಇದೆ, ಭೂಕುಸಿತವೂ ಇದೆ. ಆದರೆ ಭೂಕುಸಿತದ ಎದುರಿನ ಅಂಕಣದಲ್ಲಿ ಕಡಲು ಅಥವಾ ಹೊಳೆಯ ಕೊರೆತದಿಂದಾದದ್ದಕ್ಕೆ ಪರಿಹಾರವಿಲ್ಲ ಎಂದು ಬರೆದಿದೆ. ಗಾಳಿಗೆ ಹಾರಿದ ಹಂಚಿಗೆ ಕೇಳಬಹುದು, ಅಡಿಪಾಯದ ಮಣ್ಣನ್ನು ಕಡಲು ಕೊರೆದು ಮನೆ ವಾಲಿದರೆ ಉತ್ತರ ಬೇರೆಯಾಗಬಹುದು. ಕರಾವಳಿಯ ಜನರಿಗೆ ತೀರಾ ಅಗತ್ಯವಾದಲ್ಲೇ ಈ ರಕ್ಷಣೆ ನಿಂತುಹೋಗುವುದು ಅನ್ಯಾಯ ಎಂದು ನನಗೆ ಅನಿಸುತ್ತದೆ. ಅಲ್ಲಿನ ಬಂಧುಗಳಿಗೆ ಪಾಲಿಸಿಯ ಆ ಪುಟವನ್ನೇ ತೆರೆದು ಓದಿ ಹೇಳಿದ್ದೇನೆ.

ಕಂಪನಿಯ ಉತ್ತರ ಸರಿಯೆನಿಸದಿದ್ದರೆ, ಅಥವಾ ಒಂದು ತಿಂಗಳಾದರೂ ಉತ್ತರವೇ ಬಾರದಿದ್ದರೆ, ವಿಮಾ ಕಂಪನಿಗಳ ಮೇಲಿನ ದೂರುಗಳನ್ನು ವಿಚಾರಿಸುವ ವಿಮಾ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಕೇರಳದವರಿಗೆ ಅದರ ಕಚೇರಿ ಕೊಚ್ಚಿಯಲ್ಲಿದೆ. ಶುಲ್ಕವಿಲ್ಲ, ವಕೀಲರು ಬೇಕಿಲ್ಲ. ನಿರಾಕರಣೆಯ ಪತ್ರ ಬಂದ ಒಂದು ವರ್ಷದೊಳಗೆ ದೂರು ಸಲ್ಲಿಸಬೇಕು.

ಈ ವರ್ಷ ಶೀಟಿನ ಮೇಲೆ ಸೌರ ಫಲಕ ಹಾಕಿಸುವ ಯೋಚನೆಯಿದೆ. ಪಾಲಿಸಿಯಲ್ಲಿ ಸೌರ ಫಲಕವನ್ನು ಕಟ್ಟಡದ ಭಾಗವಾಗಿಯೇ ಹೆಸರಿಸಿದ್ದಾರೆ. ಆದರೂ ವಿಮಾ ಮೊತ್ತದಲ್ಲಿ ಅದರ ಬೆಲೆ ಸೇರಬೇಕಲ್ಲ! ಮೊತ್ತ ಹೆಚ್ಚಿಸಲು ಕಂಪನಿಗೆ ಬರೆದಿದ್ದೇನೆ. ಅವರ ಅನುಮೋದನೆಯ ಪತ್ರ ಕೈಗೆ ಬಂದ ಮೇಲೆಯೇ ಕೆಲಸ ಶುರು ಮಾಡಿ ಎಂದು ಫಲಕದವರಿಗೆ ಹೇಳಿಟ್ಟಿದ್ದೇನೆ.