ಇಗರ್ಜಿ ಶಾಲೆಗೆ ಮಗುವನ್ನು ಕಳಿಸುವ ಮೊದಲು

ಮೊಮ್ಮಗನ ಚೀಲ ಆಯಿತು, ಕೊಡೆ ಆಯಿತು, ಬೂಟು ಆಯಿತು ಎಂದು ಸೊಸೆ ಒಂದೊಂದಾಗಿ ಮಂಚದ ಮೇಲೆ ಜೋಡಿಸಿಟ್ಟಾಗ ನಾನು ಕೇಳಿದ್ದು ಒಂದೇ ಮಾತು: "ಚಡ್ಡಿಯ ಗುಂಡಿ ಅವನೇ ಬಿಚ್ಚುತ್ತಾನಾ?" ಅವಳು ನನ್ನ ಮುಖ ನೋಡಿದಳು. "ಇಲ್ಲ ಮಾಂಯ್, ನಾನೇ ಬಿಚ್ಚಿ ಕೊಡುವುದು." ಹಾಗಾದರೆ ಶಾಲೆ ಶುರುವಾಗುವ ಮೊದಲಿನ ಹತ್ತು ದಿನ ಅ ಆ ಇ ಈ ಬದಿಗಿರಲಿ, ಗುಂಡಿ ಬಿಚ್ಚಿ ಹಾಕುವುದನ್ನು ಕಲಿಸು ಎಂದೆ.

ದಕ್ಷಿಣ ಕನ್ನಡದ ಒಂದು ಹಳ್ಳಿಯ ಇಗರ್ಜಿ (ಚರ್ಚ್) ಶಾಲೆಯಲ್ಲಿ ನಾನು 31 ವರ್ಷ ಒಂದನೇ ತರಗತಿಯ ಟೀಚರಾಗಿದ್ದವಳು. ಜೂನ್ ತಿಂಗಳಲ್ಲಿ ಅತ್ತ ಮಕ್ಕಳಲ್ಲಿ ಪಾಠ ಕಷ್ಟವೆಂದು ಅತ್ತವರನ್ನು ನಾನು ಕಂಡಿಲ್ಲ. ಒಂದಕ್ಕೆ ಹೋಗಲು ಕೇಳಲಾಗದೆ, ಲಾಡಿ ಗಂಟು ಬಿದ್ದು, ಕೊಡೆ ಕಳೆದು, ಒದ್ದೆ ಬಟ್ಟೆಯಲ್ಲಿ ನಡುಗಿ ಅತ್ತವರೇ ಎಲ್ಲ. ಇವು ಮನೆಯಲ್ಲೇ ಸರಿಮಾಡಬಹುದಾದ ಸಂಗತಿಗಳು. ಅದಕ್ಕೇ ಬರೆಯುತ್ತಿದ್ದೇನೆ.

ಸಮವಸ್ತ್ರ ಹೊಲಿಸುವಾಗ ಒಂದು, ಎರಡನೇ ತರಗತಿಯ ಮಕ್ಕಳಿಗೆ ಸೊಂಟಕ್ಕೆ ಇಲಾಸ್ಟಿಕ್ ಹಾಕಿಸಿ. ಹುಕ್ಕು, ಲಾಡಿ, ಬೆಲ್ಟು ಬೇಡ. ಬೆಲ್ಟು ಬೇಕೇ ಬೇಕು ಎನ್ನುವ ಶಾಲೆಯಾದರೆ ಇಲಾಸ್ಟಿಕ್ಕಿನ ಮೇಲೆ ಸಡಿಲವಾಗಿ ಹಾಕಿ ಕಳಿಸಿ. ಹತ್ತಿ ಬಟ್ಟೆಯಾದರೆ ದರ್ಜಿಗೆ ಕೊಡುವ ಮೊದಲು ಒಂದು ರಾತ್ರಿ ನೀರಲ್ಲಿ ನೆನೆಸಿ ಒಣಗಿಸಿ. ಇಲ್ಲದಿದ್ದರೆ ಎರಡನೇ ಒಗೆತಕ್ಕೇ ಗಿಡ್ಡವಾಗುತ್ತದೆ. ಕೆಳಗಿನ ಮಡಿಕೆ ಮೂರು ಬೆರಳು ಅಗಲ ಇರಲಿ, ಮುಂದಿನ ವರ್ಷ ಬಿಚ್ಚಿ ಇಳಿಸಬಹುದು. ಬುಧವಾರಕ್ಕೋ ಶನಿವಾರಕ್ಕೋ ಬೇರೆ ಬಣ್ಣದ ಉಡುಪು ಇದೆಯೇ ಎಂದು ಕಚೇರಿಯಲ್ಲಿ ಕೇಳಿಯೇ ಬಟ್ಟೆ ತೆಗೆಯಿರಿ.

ಇನ್ನು ಮಾತು. ನಮ್ಮ ಕಡೆ ಮಗು ಮನೆಯಲ್ಲಿ ಆಡುವುದು ತುಳು, ಕೊಂಕಣಿ ಅಥವಾ ಬ್ಯಾರಿ. ಹಿಂದೆ ಕನ್ನಡ ಅದರ ಕಿವಿಗೆ ಮೊದಲು ಬೀಳುತ್ತಿದ್ದುದೇ ಶಾಲೆಯಲ್ಲಿ. ಈಗ ಟಿವಿ, ಮೊಬೈಲಿನಿಂದ ಅರ್ಥವಾಗುತ್ತದೆ, ಆದರೆ ಬಾಯಿಗೆ ಬರುವುದಿಲ್ಲ. ನನ್ನ ತರಗತಿಯಲ್ಲಿ ಒಬ್ಬಳು ಹುಡುಗಿ, ಕೊಂಕಣಿ ಬಿಟ್ಟರೆ ಬೇರೆ ಗೊತ್ತಿಲ್ಲ. ನಾನೂ ಕೊಂಕಣಿಯವಳೇ ಎಂದು ಅವಳಿಗೆ ತಿಳಿಯದು, ಏಕೆಂದರೆ ತರಗತಿಯಲ್ಲಿ ನಾನು ಕನ್ನಡವನ್ನೇ ಆಡುತ್ತಿದ್ದೆ. ಬೆಳಗ್ಗಿನಿಂದ ಮೊಣಕಾಲು ಒತ್ತಿ ಹಿಡಿದು ಕೂತಿದ್ದಳು. ಹನ್ನೆರಡು ಗಂಟೆಯ ಹೊತ್ತಿಗೆ ಬೆಂಚಿನಿಂದ ನೀರು ಇಳಿಯಿತು. ಪಕ್ಕದ ಹುಡುಗರು ನಕ್ಕರು. ಅವಳು ತಲೆ ಎತ್ತಲೇ ಇಲ್ಲ, ಮೂರು ದಿನ ಶಾಲೆಗೂ ಬರಲಿಲ್ಲ. ನಾನು ಮೊದಲ ದಿನವೇ ಅವಳ ಬಳಿ ಕೂತು ನಾಲ್ಕು ಮಾತು ಕೊಂಕಣಿಯಲ್ಲಿ ಆಡಿದ್ದರೆ ಹಾಗಾಗುತ್ತಿರಲಿಲ್ಲ. ಆ ತಪ್ಪು ನನ್ನದು. ಮರುವರ್ಷದಿಂದ ಮೊದಲ ಪಾಠವೇ ಐದು ವಾಕ್ಯ ಮಾಡಿಕೊಂಡೆ. ನೀವು ಮನೆಯಲ್ಲೇ ಕಲಿಸಿ ಕಳಿಸಿ: "ಟೀಚರ್, ಒಂದಕ್ಕೆ ಹೋಗಬೇಕು." "ನೀರು ಕುಡಿಯಬೇಕು." "ಹೊಟ್ಟೆ ನೋಯುತ್ತದೆ." "ನನ್ನ ಕೊಡೆ ಕಾಣುವುದಿಲ್ಲ." "ಅಮ್ಮ ಬರಲಿಲ್ಲ." ಆಟದ ಹಾಗೆ ಹೇಳಿಸಿ. ನೀವು ಟೀಚರಾಗಿ ಕುರ್ಚಿಯಲ್ಲಿ ಕೂರಿ, ಮಗು ಎದ್ದು ನಿಂತು ಗಟ್ಟಿಯಾಗಿ ಕೇಳಲಿ. ಪಿಸುಮಾತಿನಲ್ಲಿ ಕೇಳಿದರೆ ನಲವತ್ತು ಮಕ್ಕಳ ಗಲಾಟೆಯಲ್ಲಿ ಯಾರಿಗೂ ಕೇಳಿಸದು.

ಹೆಣ್ಣುಮಕ್ಕಳ ತಾಯಂದಿರಿಗೆ ಇನ್ನೊಂದು ಮಾತು. ಸಂಜೆ ಬಂದಾಗ ನೀರಿನ ಬಾಟಲಿ ಎತ್ತಿ ನೋಡಿ. ತುಂಬಿಸಿ ಕೊಟ್ಟ ನೀರು ಹಾಗೆಯೇ ಇದ್ದರೆ ಮಗು ಶೌಚಾಲಯಕ್ಕೆ ಹೋಗಲು ಹಿಂಜರಿದು ನೀರನ್ನೇ ಬಿಟ್ಟಿದೆ ಎಂದು ತಿಳಿಯಿರಿ. ಬೈಯಬೇಡಿ. ಮರುದಿನ ನೀವೇ ಹೋಗಿ ಟೀಚರ ಕಿವಿಯಲ್ಲಿ ಹೇಳಿ.

ನಮ್ಮಲ್ಲಿ ಶಾಲೆ ತೆರೆಯುವುದೂ ಮಳೆ ಹಿಡಿಯುವುದೂ ಒಟ್ಟಿಗೇ. ಮೇ ಕೊನೆಗೆ ಪ್ರಾರಂಭೋತ್ಸವ, ಜೂನ್ ಮೊದಲ ವಾರಕ್ಕೆ ಮುಂಗಾರು. ಎರಡು ಜೊತೆ ಸಮವಸ್ತ್ರ ಬೇಸಿಗೆಗೆ ಸಾಕು, ಆಟಿ ತಿಂಗಳ ಜಡಿಮಳೆಗೆ ಸಾಲದು. ಮೂರನೆಯದಕ್ಕೆ ಹೊಸದೇ ಬೇಕೆಂದಿಲ್ಲ, ನೆರೆಮನೆಯ ದೊಡ್ಡ ಮಗುವಿಗೆ ಗಿಡ್ಡವಾದದ್ದನ್ನು ನಾಚಿಕೆಯಿಲ್ಲದೆ ಕೇಳಿ ಪಡೆಯಿರಿ. ಒಗೆಯುವುದನ್ನು ರಾತ್ರಿಗೆ ಇಡಬೇಡಿ, ಮಗು ಬಂದ ಕೂಡಲೇ ಒಗೆದು ಹಿಂಡಿ, ಒಣ ಬೈರಾಸಿನೊಳಗೆ (ಟವೆಲ್) ಸುರುಳಿ ಸುತ್ತಿ ಅದರ ಮೇಲೆ ನಿಂತು ಒತ್ತಿ. ಅರ್ಧ ನೀರು ಬೈರಾಸಿಗೆ ಹೋಗುತ್ತದೆ. ಆಮೇಲೆ ಹ್ಯಾಂಗರಿಗೆ ಹಾಕಿ ಫ್ಯಾನಿನ ಕೆಳಗೆ ತೂಗುಹಾಕಿದರೆ ಬೆಳಗಾಗುವಷ್ಟರಲ್ಲಿ ಇಸ್ತ್ರಿಗೆ ಬರುತ್ತದೆ.

ಬಚ್ಚಲು ಒಲೆಯ ಮೇಲೆ ಬಿದಿರು ಕಟ್ಟಿ ಒಣಗಿಸುವ ಮನೆಗಳು ಈಗಲೂ ಇವೆ. ಒಂದು ಜುಲೈಯಲ್ಲಿ ಒಬ್ಬ ಹುಡುಗನ ಹತ್ತಿರ ಯಾರೂ ಕೂರುತ್ತಿರಲಿಲ್ಲ. ಅವನ ಅಂಗಿ ಹೊಗೆ ನಾರುತ್ತಿತ್ತು, ಮಕ್ಕಳು ಮೂಗು ಮುಚ್ಚಿ ತೋರಿಸುತ್ತಿದ್ದರು. ತಾಯಿಯನ್ನು ಕರೆದು ಮಾತಾಡಿದೆ. ಹಸಿ ತೆಂಗಿನ ಸಿಪ್ಪೆ ಉರಿಯುವಾಗಲೇ ಅಂಗಿಯನ್ನು ಮೇಲೆ ಹಾಕುತ್ತಿದ್ದಳು. ಉರಿ ಪೂರ್ತಿ ಇಳಿದು ಕೆಂಡ ಮಾತ್ರ ಉಳಿದ ಮೇಲೆ ಹಾಕಬೇಕು, ಅಂಗಿಯನ್ನು ಒಳಮಗ್ಗುಲು ಹೊರಗೆ ಮಾಡಿ ಹಾಕಬೇಕು. ಒಣಗಿದ ಮೇಲೆ ಹತ್ತು ನಿಮಿಷ ಜಗಲಿಯ ಗಾಳಿಗೆ ಹಿಡಿದರೆ ಹೊಗೆಯ ವಾಸನೆ ಬಿಟ್ಟುಹೋಗುತ್ತದೆ. ಅಷ್ಟೇ ಬದಲಾವಣೆ. ಮುಂದಿನ ವಾರ ಆ ಹುಡುಗ ಮಧ್ಯದ ಬೆಂಚಿನಲ್ಲಿ ಕೂತಿದ್ದ.

ಕೊಡೆಯೋ ರೈನ್‌ಕೋಟೋ ಎಂದು ಎಲ್ಲರೂ ಕೇಳುತ್ತಾರೆ. ಆರು ವರ್ಷದ ಮಗು ನಡೆದು ಬರುವುದಾದರೆ ರೈನ್‌ಕೋಟೇ ಸರಿ ಎಂದು ನನ್ನ ಅಭಿಪ್ರಾಯ. ಕೈ ಎರಡೂ ಖಾಲಿ ಇರುತ್ತದೆ, ಚೀಲವೂ ಒಳಗೆ ಸೇರುತ್ತದೆ. ಗುಡ್ಡೆಯ ಗಾಳಿಗೆ ಕೊಡೆ ತಿರುಗಿ ನಿಂತಾಗ ಮಗು ಕೊಡೆಯನ್ನು ನೋಡುತ್ತದೆಯೇ ಹೊರತು ದಾರಿಯನ್ನಲ್ಲ. ತೋಡು (ಸಣ್ಣ ಹಳ್ಳ) ದಾಟಿ ಬರುವ ಮಕ್ಕಳಿಗಂತೂ ಕೊಡೆ ಕೊಡಲೇಬೇಡಿ. ಕಾಲುಸಂಕದ ಹಲಗೆಗೆ ನೀರು ತಾಗಿದ ದಿನ, ಸರಕಾರಿ ರಜೆ ಇರಲಿ ಇಲ್ಲದಿರಲಿ, ಮಗುವನ್ನು ಮನೆಯಲ್ಲೇ ಇಟ್ಟುಕೊಳ್ಳಿ. ಹಾಜರಿಯನ್ನು ಟೀಚರ ಹತ್ತಿರ ಮಾತಾಡಿ ಸರಿಮಾಡಬಹುದು. ಜಿಲ್ಲಾಧಿಕಾರಿಗಳ ಮಳೆ ರಜೆಯ ಸುದ್ದಿ ಒಮ್ಮೊಮ್ಮೆ ಬೆಳಗ್ಗೆಯೇ ಬರುವುದುಂಟು, ಮಗುವನ್ನು ಹೊರಡಿಸುವ ಮೊದಲು ಒಮ್ಮೆ ವಿಚಾರಿಸಿ. ಆ ರಜೆಗಳು ಆಮೇಲೆ ಶನಿವಾರದ ಪೂರ್ತಿ ತರಗತಿಗಳಾಗಿ ಹಿಂದಿರುಗುತ್ತವೆ ಎಂಬುದನ್ನೂ ಲೆಕ್ಕದಲ್ಲಿಡಿ.

ಕೊಡೆಯೇ ಕೊಡುವುದಾದರೆ ಅದರ ಮೇಲೆ ಹೆಸರು ಮಾತ್ರ ಬರೆದು ಸುಮ್ಮನಾಗಬೇಡಿ. ಜೂನ್‌ನಲ್ಲಿ ಅಕ್ಷರ ಬಾರದ ಮಗುವಿಗೆ ಆ ಹೆಸರು ಓದಲು ಬರುವುದಿಲ್ಲ, ಅದು ಟೀಚರಿಗೆ ಮಾತ್ರ ಉಪಯೋಗ. ಜಗಲಿಯ ಮೂಲೆಯಲ್ಲಿ ಒಂದೇ ತರದ ನಲವತ್ತು ಕರಿಕೊಡೆಗಳಲ್ಲಿ ಮಗುವೇ ತನ್ನದನ್ನು ಗುರುತಿಸಬೇಕು. ಬಟ್ಟೆಯ ಅಂಚಿಗೆ ಕೆಂಪು ನೂಲಿನಲ್ಲಿ ಒಂದು ಮೀನೋ ಹೂವೋ ಹೊಲಿಯಿರಿ. ಅದೇ ಮೀನು ಚೀಲದ ಮೇಲೆ, ಊಟದ ತಟ್ಟೆಯ ಹಿಂದೆ, ಬಾಟಲಿಯ ಮೇಲೆ ಇರಲಿ. ನನ್ನ ತರಗತಿಯ ಮಕ್ಕಳು ಒಬ್ಬರನ್ನೊಬ್ಬರು ಕೆಲವು ದಿನ ಆ ಗುರುತಿನಿಂದಲೇ ಕರೆಯುತ್ತಿದ್ದರು.

ಮಳೆಗಾಲ ಮುಗಿಯುವವರೆಗೆ ಬೂಟಿನ ಬದಲು ಸ್ಯಾಂಡಲಿಗೆ ಅನುಮತಿ ಕೇಳಿ, ಹಲವು ಶಾಲೆಗಳು ಕೊಡುತ್ತವೆ. ಒದ್ದೆ ಸಾಕ್ಸಿನಲ್ಲಿ ದಿನವಿಡೀ ಕೂತರೆ ಬೆರಳ ಸಂದಿ ಬೆಳ್ಳಗಾಗಿ ಕೆರೆತ ಹತ್ತುತ್ತದೆ. ಸಂಜೆ ಕಾಲು ತೊಳೆದು ಸಂದಿ ಸಂದಿ ಒರೆಸಿ ಪೂರ್ತಿ ಒಣಗಲು ಬಿಡಿ. ವಾರದಲ್ಲಿ ಕಡಿಮೆಯಾಗದಿದ್ದರೆ ಡಾಕ್ಟರಿಗೆ ತೋರಿಸಿ. ಬೂಟಿಗೆ ಹಳೆಯ ಪೇಪರ್ ಉಂಡೆ ತುರುಕಿ, ಒದ್ದೆಯಾದದ್ದನ್ನು ಮಲಗುವ ಮೊದಲು ಬದಲಿಸಿ. ಎರಡು ಜಡೆ ಹಾಕುವ ಹೆಣ್ಣುಮಕ್ಕಳಿಗೆ ತಲೆಸ್ನಾನ ಶನಿವಾರ ಸಂಜೆಗೇ ಇರಲಿ. ಹಸಿ ಕೂದಲನ್ನು ಹೆಣೆದು ರಿಬ್ಬನ್ ಕಟ್ಟಿದರೆ ದಿನವಿಡೀ ಆರದೆ ಮುಗ್ಗಲು ವಾಸನೆ ಬರುತ್ತದೆ. ಮೊದಲ ಎರಡು ತಿಂಗಳು ಭಾನುವಾರಕ್ಕೊಮ್ಮೆ ಸೀರಣಿಗೆ ಹಾಕಿ ಹೇನು ನೋಡಿ. ಬಂದರೆ ಯಾರ ಮಗುವಿನಿಂದ ಬಂತು ಎಂದು ಹುಡುಕಬೇಡಿ.

ಪುಸ್ತಕಕ್ಕೆ ಕಂದು ಕಾಗದದ ಹೊದಿಕೆಯೇ ಒಳ್ಳೆಯದು. ಪ್ಲಾಸ್ಟಿಕ್ ಹೊದಿಕೆ ಮಳೆಗಾಲದಲ್ಲಿ ಒಳಗೇ ಬೆವರಿ ಬೂಸ್ಟು ಹಿಡಿಸುತ್ತದೆ. ಚೀಲದ ಒಳಗೆ ಒಂದು ದಪ್ಪ ಪ್ಲಾಸ್ಟಿಕ್ ತೊಟ್ಟೆ ಇಟ್ಟು ಅದರೊಳಗೆ ಪುಸ್ತಕ ಇಟ್ಟರೆ ಸಾಕು. ಭಾರದ ವಿಷಯದಲ್ಲಿ ಸುಮ್ಮನಿರಬೇಡಿ. ನಮ್ಮ ರಾಜ್ಯದಲ್ಲಿ 2019ರ ಆದೇಶದಂತೆ ಒಂದು, ಎರಡನೇ ತರಗತಿಯವರ ಚೀಲ 2 ಕಿಲೋ ಮೀರಬಾರದು, ಮೂರರಿಂದ ಐದರವರೆಗೆ 3 ಕಿಲೋ. ಅಡುಗೆಮನೆಯ ತಕ್ಕಡಿಯಲ್ಲಿ ಒಮ್ಮೆ ತೂಗಿ ನೋಡಿ. ಹೆಚ್ಚಿನ ಭಾರ ಪುಸ್ತಕದ್ದಲ್ಲ, ಲೀಟರಿನ ಬಾಟಲಿ ಮತ್ತು ಎರಡು ಅಂತಸ್ತಿನ ಪೆನ್ಸಿಲ್ ಪೆಟ್ಟಿಗೆಯದ್ದು. ಅರ್ಧ ಲೀಟರ್ ಕುದಿಸಿ ಆರಿಸಿದ ನೀರು ಸಾಕು.

ಅನುದಾನಿತ ಶಾಲೆಯಾದರೆ ಪಠ್ಯಪುಸ್ತಕ ಉಚಿತ, ಮಧ್ಯಾಹ್ನ ಬಿಸಿಯೂಟ ಇದೆ, 2013ರಿಂದ ಕ್ಷೀರಭಾಗ್ಯದ ಹಾಲೂ ಇದೆ. ಆ ಹಾಲು ಮನೆಯ ಹಾಲಿನ ರುಚಿ ಇರುವುದಿಲ್ಲ, ಅದಕ್ಕೇ ಕೆಲವು ಮಕ್ಕಳು ಮೊದಲ ವಾರ ಮುಟ್ಟುವುದಿಲ್ಲ. ಬೆಳಗ್ಗೆ ಹೊಟ್ಟೆ ಬಿರಿಯ ಹಾಲು ಕುಡಿಸಿ ಕಳಿಸಬೇಡಿ. ಗಂಜಿಯೋ ಎರಡು ನೀರುದೋಸೆಯೋ ತಿಂದು ಬರಲಿ. ಬಿಸಿಯೂಟದ ಜೊತೆ ಕೊಡುವ ಮೊಟ್ಟೆ ತಿನ್ನದ ಮನೆಯವರು ಮೊದಲ ದಿನವೇ ತಿಳಿಸಿದರೆ ಬಾಳೆಹಣ್ಣು ಸಿಗುತ್ತದೆ. ಮಗುವಿನ ಬಾಯಿಂದಲೇ ಹೇಳಿಸಲು ಹೋಗಬೇಡಿ.

ಈಗ ಕಾಗದಪತ್ರ. ಇಲ್ಲಿ ನಾನು ಸುಟ್ಟುಕೊಂಡವಳು. ನಮ್ಮ ದೊಡ್ಡ ಮಗನಿಗೆ ಇಗರ್ಜಿಯಲ್ಲಿ ಕೊಟ್ಟ ಜ್ಞಾನಸ್ನಾನದ (ಬ್ಯಾಪ್ಟಿಸಂ) ಪತ್ರದಲ್ಲಿ ಒಂದು ಹೆಸರು, ಜನನ ದಾಖಲೆಯಲ್ಲಿ ಹೆಸರಿನ ಜಾಗ ಖಾಲಿ, ಶಾಲೆಯ ದಾಖಲೆಯಲ್ಲಿ ಮನೆಹೆಸರಿನ ಅಕ್ಷರಗಳೇ ಬೇರೆ. ಅವನು ಗಲ್ಫಿಗೆ ಹೊರಟಾಗ ಇದನ್ನು ಒಂದು ಮಾಡಲು ಏಳು ತಿಂಗಳು ಕಚೇರಿಯಿಂದ ಕಚೇರಿಗೆ ಅಲೆದೆವು. ಕೆಲಸ ಕೈತಪ್ಪಿತು. ನಮ್ಮ ಮನೆಹೆಸರುಗಳೇ ಹಾಗೆ: ಡಿಸೋಜ ಎಂದೋ ಡಿಸೋಜಾ ಎಂದೋ, ಇಂಗ್ಲಿಷಿನಲ್ಲಿ ಡಿ ಪಕ್ಕ ಮೇಲೊಂದು ಚಿಹ್ನೆ ಇದೆಯೋ ಇಲ್ಲವೋ, ಪ್ರತಿಯೊಂದು ಬೇರೆ ಹೆಸರಾಗಿ ಎಣಿಕೆಯಾಗುತ್ತದೆ. ಜನನ ಪ್ರಮಾಣಪತ್ರವನ್ನೇ ಬುಡವಾಗಿ ಇಟ್ಟುಕೊಂಡು ಆಧಾರ್, ಶಾಲಾ ಅರ್ಜಿ ಎಲ್ಲವನ್ನೂ ಅಕ್ಷರಕ್ಕೆ ಅಕ್ಷರ ಅದರಂತೆ ಬರೆಸಿ. ಅದರಲ್ಲಿ ಹೆಸರೇ ಇಲ್ಲದಿದ್ದರೆ ಸೇರಿಸಬಹುದು: ಮೊದಲ ಒಂದು ವರ್ಷ ಶುಲ್ಕವಿಲ್ಲದೆ, ಆಮೇಲೆ 15 ವರ್ಷದವರೆಗೆ ಶುಲ್ಕ ಕೊಟ್ಟು. 2023ರ ಅಕ್ಟೋಬರ್ 1ರಂದು ಅಥವಾ ಆಮೇಲೆ ಹುಟ್ಟಿದ ಮಕ್ಕಳಿಗೆ ಶಾಲೆಗೆ ಸೇರಲು ಜನನ ಪ್ರಮಾಣಪತ್ರವೇ ಮುಖ್ಯ ದಾಖಲೆ. ಜ್ಞಾನಸ್ನಾನದ ಪತ್ರ ಇಗರ್ಜಿಯ ಕೆಲಸಕ್ಕೆ ಬೇಕು, ಪ್ರಥಮ ಪರಮಪ್ರಸಾದದ (ಫಸ್ಟ್ ಕಮ್ಯುನಿಯನ್) ಹೊತ್ತಿಗೆ ಕೇಳುತ್ತಾರೆ. ಒಂದನ್ನು ಇನ್ನೊಂದರ ಬದಲಿಗೆ ಕೊಡಬೇಡಿ. ಜಾತಿ, ಆದಾಯ ಪ್ರಮಾಣಪತ್ರಕ್ಕೆ ಮೇ ತಿಂಗಳಲ್ಲೇ ನಾಡಕಚೇರಿಯಲ್ಲಿ ಅರ್ಜಿ ಹಾಕಿ, ಜೂನ್‌ನಲ್ಲಿ ಸಾಲು ಉದ್ದವಾಗುತ್ತದೆ.

ಇಗರ್ಜಿಗೆ ಸೇರದ ಮನೆಯವರು ಒಮ್ಮೊಮ್ಮೆ ಅಳುಕುತ್ತಾ ಕೇಳುತ್ತಾರೆ, ಪ್ರಾರ್ಥನೆ ಹೇಗೆ, ಧರ್ಮಪಾಠ ಹೇಗೆ ಎಂದು. ನನ್ನ ತರಗತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ಹಿಂದೂ, ಮುಸ್ಲಿಂ ಮನೆಯವರೇ. ಕ್ರೈಸ್ತ ಮಕ್ಕಳು ಧರ್ಮಪಾಠಕ್ಕೆ ಹೋದಾಗ ಉಳಿದವರಿಗೆ ನೀತಿಪಾಠ ಇರುತ್ತಿತ್ತು. ಸಂಶಯವಿದ್ದರೆ ಮುಖ್ಯ ಶಿಕ್ಷಕಿ ಸಿಸ್ಟರ್ ಹತ್ತಿರವೋ ಸಂಚಾಲಕರಾದ ಫಾದರ್ ಹತ್ತಿರವೋ ನೇರವಾಗಿ ಕೇಳಿ. 1870ರಲ್ಲಿ ಮಂಗಳೂರಿಗೆ ಬಂದ ಅಪೊಸ್ತೊಲಿಕ್ ಕಾರ್ಮೆಲ್ ಸಿಸ್ಟರ್‌ಗಳಿಂದ ಹಿಡಿದು 1921ರಲ್ಲಿ ಇಲ್ಲೇ ಹುಟ್ಟಿದ ಬೆಥನಿ ಸಭೆಯವರೆಗೆ ಈ ಸಿಸ್ಟರ್‌ಗಳ ಶಾಲೆಗಳಲ್ಲಿ ಎಲ್ಲ ಜಾತಿಯ ಹೆಣ್ಣುಮಕ್ಕಳು ಓದಿದ್ದಾರೆ. ನಿಮ್ಮ ಪ್ರಶ್ನೆ ಅವರಿಗೆ ಹೊಸದಲ್ಲ. ಹಾಗೆಯೇ ಶುಲ್ಕ ಒಮ್ಮೆಲೇ ಕಟ್ಟಲಾಗದಿದ್ದರೆ ಅದನ್ನೂ ಜೂನ್‌ನಲ್ಲೇ ಹೇಳಿ. ಡಿಸೆಂಬರಿನಲ್ಲಿ ಮಗುವಿನ ಕೈಗೆ ಚೀಟಿ ಬರುವವರೆಗೆ ಕಾಯಬೇಡಿ. ನಮ್ಮ ಕಡೆಯ ಕೆಲವು ಶಾಲೆಗಳಲ್ಲಿ ದಸರಾ ರಜೆಯ ಕೆಲವು ದಿನ ಕ್ರಿಸ್ಮಸ್‌ಗೆ ಹೋಗುತ್ತದೆ, ಊರಿಗೆ ಟಿಕೆಟ್ ಮಾಡುವ ಮೊದಲು ಕೇಳಿಕೊಳ್ಳಿ.

ಗೇಟಿನ ಹತ್ತಿರ ಅಳುವ ಮಗುವನ್ನು ಕಣ್ಣುತಪ್ಪಿಸಿ ಬಿಟ್ಟುಬರಬೇಡಿ. "ಬೆಲ್ಲಾದ ಮೇಲೆ ಈ ಮರದ ಕೆಳಗೆ ನಿಂತಿರುತ್ತೇನೆ" ಎಂದು ಜಾಗ ತೋರಿಸಿ ಹೋಗಿ, ಬೆಲ್ಲಿಗೆ ಐದು ನಿಮಿಷ ಮೊದಲು ಅಲ್ಲೇ ನಿಂತಿರಿ.

ಇನ್ನೊಂದು ಕೆಲಸವನ್ನು ಶಾಲೆ ತೆರೆದ ವಾರವೇ ಮಗುವಿನಿಂದ ಮಾಡಿಸಿ. ಅಂಗಳದ ಬದಿಯಲ್ಲಿ ನೀರು ನಿಲ್ಲದ ಕಡೆ ಗೌರಿ ಹೂವಿನ ಬೀಜ ಹಾಕಿಸಿ, ಮೇಲೆ ತೆಳ್ಳಗೆ ಮಣ್ಣು ಉದುರಿಸಿ, ಜಡಿಮಳೆಗೆ ಕೊಚ್ಚದಂತೆ ನಾಲ್ಕು ದಿನ ತೆಂಗಿನ ಗರಿ ಮುಚ್ಚಿ. ಎರಡು ತಿಂಗಳಲ್ಲಿ ಹೂ ಹಿಡಿಯುತ್ತದೆ. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ (ಮಾತೆ ಮರಿಯಮ್ಮನ ಹುಟ್ಟುಹಬ್ಬ) ಮುಂಚೆ, ಆಗಸ್ಟ್ 30ರಿಂದ ಒಂಬತ್ತು ದಿನ ಮಕ್ಕಳು ಮಾತೆ ಮರಿಯಮ್ಮನಿಗೆ ಹೂ ಅರ್ಪಿಸುವಾಗ ನಿಮ್ಮ ಮಗು ತಾನೇ ನೆಟ್ಟ ಗಿಡದ ಹೂ ಒಯ್ಯಬಹುದು. ನಮ್ಮಲ್ಲಿ ನೆರೆಯ ಹಿಂದೂ ಮನೆಗಳ ಮಕ್ಕಳೂ ಬುಟ್ಟಿ ತುಂಬಿಸಿ ಗೆಳೆಯರ ಕೈಗೆ ಕೊಡುತ್ತಾರೆ. ಹೂವನ್ನು ಬೆಳಗ್ಗೆಯೇ ಕೊಯ್ದು ಬಾಳೆಎಲೆ ಹಾಸಿದ ಸಣ್ಣ ಬುಟ್ಟಿಯಲ್ಲಿ ಕೊಡಿ, ಪ್ಲಾಸ್ಟಿಕ್ ತೊಟ್ಟೆಯಲ್ಲಿ ಕೊಟ್ಟರೆ ಇಗರ್ಜಿ ಮುಟ್ಟುವಷ್ಟರಲ್ಲಿ ಬೆವರಿ ಬಾಡಿರುತ್ತದೆ.