ಗ್ಲೈಡರ್‌ಗೆ ನ್ಯಾವಿಗೇಷನ್ ಪರದೆ: ನಾನು ಆರಿಸಿಕೊಂಡ ಬಗೆ

ಜರ್ಮನಿಯ ಸ್ವೇಬಿಯನ್ ಆಲ್ಬ್ ಬೆಟ್ಟಸಾಲಿನ ಮೇಲೆ ನಾನು ಎಲ್‌ಎಸ್4 ಗ್ಲೈಡರ್ ಹಾರಿಸುತ್ತೇನೆ. ಎಂಜಿನ್ ಇಲ್ಲದೆ ದೂರ ಹೋದವರು ಹೇಗೆ ಹಿಂದಿರುಗುತ್ತೀರಿ ಎಂದು ಊರಿನವರು ಕೇಳುತ್ತಾರೆ. ಈಗಿನ ಎತ್ತರಕ್ಕೆ, ಈಗಿನ ಗಾಳಿಗೆ ನೆಲೆ ತಲುಪಬಹುದೇ ಎಂಬ ಲೆಕ್ಕ ಸದಾ ಕಣ್ಣೆದುರು ಇರಬೇಕು. ಪರದೆಯ ಕೆಲಸ ಅದೇ. ಜೊತೆಗೆ ಸ್ಟುಟ್‌ಗಾರ್ಟ್ ವಿಮಾನ ನಿಲ್ದಾಣದ ನಿಯಂತ್ರಿತ ವಾಯುಪ್ರದೇಶ ಎಲ್ಲಿ ಶುರುವಾಗುತ್ತದೆ ಎಂಬುದನ್ನೂ ಅದು ತೋರಿಸಬೇಕು.

ಸಾಫ್ಟ್‌ವೇರ್ ಆಯ್ಕೆಗೆ ಹೆಚ್ಚು ಯೋಚಿಸಲಿಲ್ಲ. ಗ್ಲೈಡರ್ ಹಾರಾಟದ ಲೆಕ್ಕ, ನಕ್ಷೆ ತೋರಿಸುವ ಎಕ್ಸ್‌ಸಿಸೋರ್ ಉಚಿತ, ಮುಕ್ತ ಆಕರದ್ದು. ಆಂಡ್ರಾಯ್ಡ್, ಲಿನಕ್ಸ್, ಕೋಬೋ ಇ-ರೀಡರ್ (ಇ-ಪುಸ್ತಕ ಓದುವ ಸಾಧನ) ಮೂರರಲ್ಲೂ ನಡೆಯುತ್ತದೆ. ಎಲ್‌ಎಸ್4ರ ಪೋಲಾರ್, ಅಂದರೆ ಯಾವ ವೇಗಕ್ಕೆ ಎಷ್ಟು ಇಳಿಯುತ್ತದೆ ಎಂಬ ವಕ್ರರೇಖೆ, ಅದರಲ್ಲಿ ಮೊದಲೇ ಇದೆ.

ತಲೆ ಕೆಡಿಸಿದ್ದು ಪರದೆ. ಪಾರದರ್ಶಕ ಮುಚ್ಚಳದ ಕೆಳಗೆ ಮಧ್ಯಾಹ್ನದ ಬಿಸಿಲಿಗೆ ಮೊಬೈಲ್ ಬಿಸಿಯಾಗುತ್ತದೆ. ಬಿಸಿಯಾದಾಗ ತನ್ನನ್ನು ಉಳಿಸಿಕೊಳ್ಳಲು ಬೆಳಕು ತಗ್ಗಿಸುತ್ತದೆ. ಬೆಳಕು ಹೆಚ್ಚು ಬೇಕಾದ ಹೊತ್ತೂ ಅದೇ. ಕೋಬೋದ ಇ-ಇಂಕ್ ಪರದೆ ಬಿಸಿಲು ಬಿದ್ದಷ್ಟೂ ಸ್ಪಷ್ಟವಾಗುತ್ತದೆ, ವಿದ್ಯುತ್ತನ್ನೂ ಕಡಿಮೆ ಬಳಸುತ್ತದೆ. ನಾನು ಹಳೆಯ ಕೋಬೋ ಕೊಂಡೆ. ಬಣ್ಣವಿಲ್ಲ, ಚಿತ್ರ ನಿಧಾನವಾಗಿ ಬದಲಾಗುತ್ತದೆ. ನಕ್ಷೆಗೆ ಅಷ್ಟು ಸಾಕು. ಏರುಗಾಳಿಯಲ್ಲಿ ಸುತ್ತುವಾಗ ಬೇಕಾದ ಚುರುಕು, ಏರಿಳಿತದ ವೇಗ ತೋರಿಸುವ ವೇರಿಯೋಮೀಟರಿನ ಮುಳ್ಳು ಮತ್ತು ದನಿಯಲ್ಲಿದೆ. ಆ ಕೆಲಸವನ್ನು ಪರದೆಗೆ ವಹಿಸಲು ನಾನು ಒಪ್ಪುವುದಿಲ್ಲ.

ನನ್ನ ಕೋಬೋದಲ್ಲಿ ಜಿಪಿಎಸ್ ಇಲ್ಲ, ಸ್ಥಾನದ ಮಾಹಿತಿ ಹೊರಗಿನಿಂದ ಬರಬೇಕು. ಗ್ಲೈಡರುಗಳ ನಡುವೆ ಡಿಕ್ಕಿಯ ಎಚ್ಚರಿಕೆ ಕೊಡುವ ಫ್ಲಾರ್ಮ್ ಉಪಕರಣ ಸ್ಥಾನದ ಜೊತೆಗೆ ಗಾಳಿಯ ಒತ್ತಡದಿಂದ ಅಳೆದ ಎತ್ತರವನ್ನೂ ಸೀರಿಯಲ್ ತಂತಿಯಲ್ಲಿ ಕಳಿಸುತ್ತದೆ. ಆದರೆ ಫ್ಲಾರ್ಮ್‌ನದು ಆರ್‌ಎಸ್232 ಎಂಬ, ಹೆಚ್ಚು ವೋಲ್ಟೇಜಿನ ಸಂಕೇತ. ಕೋಬೋದ ಒಳಗಿನ ಸೀರಿಯಲ್ ಬಿಂದುಗಳು 3.3 ವೋಲ್ಟಿನವು. ನೇರ ಜೋಡಿಸಿದರೆ ಕೋಬೋ ಸುಟ್ಟೀತು. ನಡುವೆ ವೋಲ್ಟೇಜ್ ಮಟ್ಟ ಹೊಂದಿಸುವ ಮ್ಯಾಕ್ಸ್3232 ಚಿಪ್ಪಿನ ಪುಟ್ಟ ಬೋರ್ಡು ಬೆಸುಗೆ ಹಾಕಿ, ಎರಡೂ ಕಡೆ ಬಾಡ್ ವೇಗ (ಮಾಹಿತಿ ಸಾಗುವ ವೇಗ) ಒಂದೇ ಮಾಡಿದೆ. ಗ್ಲೈಡರ್ ಕ್ಲಬ್ಬಿನದಾದ್ದರಿಂದ ವೈರಿಂಗನ್ನು ಅಲ್ಲಿನ ತಂತ್ರಜ್ಞರು ಪರೀಕ್ಷಿಸಿದ ಮೇಲೆಯೇ ಹಾರಿದ್ದು.

ಗ್ಲೈಡರಿನ 12 ವೋಲ್ಟ್ ಬ್ಯಾಟರಿಯಿಂದ ಕೋಬೋಗೆ 5 ವೋಲ್ಟ್ ಮಾಡುವ ಪರಿವರ್ತಕದ ಬಗ್ಗೆ ಯಾರೂ ಸಾಕಷ್ಟು ಹೇಳುವುದಿಲ್ಲ. ಅಗ್ಗದ್ದು ರೇಡಿಯೋದಲ್ಲಿ ಸುರ್ರೆಂಬ ಸದ್ದು ಎಬ್ಬಿಸಿ, ದೂರದ ಮಾತನ್ನು ನುಂಗಿಬಿಡುತ್ತದೆ. ಕೊಳ್ಳುವ ಮೊದಲು ನೆಲದಲ್ಲೇ ರೇಡಿಯೋದ ಸ್ಕ್ವೆಲ್ಚ್ (ಮಾತಿಲ್ಲದಾಗ ಸದ್ದು ಅಡಗಿಸುವ ವ್ಯವಸ್ಥೆ) ತೆರೆದಿಟ್ಟು, ಪರಿವರ್ತಕವನ್ನು ಹಚ್ಚಿ ಆರಿಸಿ ಕೇಳಿದೆ. ಸದ್ದು ಬದಲಾಗದ ಒಂದನ್ನು ಆಯ್ದು, ತಂತಿಗೆ ಸದ್ದು ತಗ್ಗಿಸುವ ಫೆರೈಟ್ ಉಂಗುರ ತೊಡಿಸಿ, ಆಂಟೆನಾ ಕೇಬಲ್ಲಿನಿಂದ ದೂರ ಎಳೆದೆ. ಪರದೆಯ ಹಿಡಿಕೆ ವೇಗಮಾಪಕವನ್ನು ಮರೆಮಾಡದಂತೆ, ಮುಚ್ಚಳ ಕಳಚುವ ತುರ್ತು ಹಿಡಿಗೆ ತಾಗದಂತೆ ಜಾಗ ಹುಡುಕಿದೆ.

ಉಳಿದದ್ದು ಸೆಟ್ಟಿಂಗ್. ಎಲ್‌ಎಸ್4 ನಿಶ್ಚಲ ಗಾಳಿಯಲ್ಲಿ 1 ಕಿ.ಮೀ. ಎತ್ತರ ಕಳೆದು ಸುಮಾರು 40 ಕಿ.ಮೀ. ಹೋಗುತ್ತದೆ. ಗಂಟೆಗೆ 100 ಕಿ.ಮೀ. ವೇಗದಲ್ಲಿರುವಾಗ 20 ಕಿ.ಮೀ. ಎದುರುಗಾಳಿ ಬಂದರೆ ಅದೇ ದೂರಕ್ಕೆ 1,250 ಮೀಟರ್ ಎತ್ತರ ಬೇಕು. ರೆಕ್ಕೆಗೆ ಹುಳು ಅಂಟಿದ್ದರೆ ಇನ್ನೂ ಹೆಚ್ಚು. ಆದ್ದರಿಂದ ಪೋಲಾರನ್ನು ಬೇಕೆಂದೇ, ಗ್ಲೈಡರ್ ನಿಜಕ್ಕಿಂತ ಬೇಗ ಇಳಿಯುತ್ತದೆ ಎಂಬಂತೆ, ಕೆಳಗಿಳಿಸಿಟ್ಟಿದ್ದೇನೆ, ತಲುಪುವ ಎತ್ತರಕ್ಕೆ 200 ಮೀಟರ್ ಮೀಸಲು ಸೇರಿಸಿದ್ದೇನೆ. ವಾಯುಪ್ರದೇಶದ ಗಡಿಗಳು ಬದಲಾಗುತ್ತಿರುತ್ತವೆ. ಆ ಫೈಲನ್ನು ಹಾರಾಟದ ಋತು ಶುರುವಾಗುವ ಮುನ್ನ ಹೊಸದಾಗಿ ಇಳಿಸಿಕೊಂಡು ಕೋಬೋಗೆ ಹಾಕುತ್ತೇನೆ.