ಅಟ್ಲಾಂಟಿಕ್ ದಾಟುವಾಗ: ಇಬ್ಬರೇ ಇರುವ ಹಾಯಿದೋಣಿಯ ದಿನಚರಿ

ಕ್ಯಾನರಿ ದ್ವೀಪಗಳ ಲಾಸ್ ಪಾಲ್ಮಾಸ್‌ನಿಂದ ಕೆರಿಬಿಯನ್‌ನ ಸೇಂಟ್ ಲೂಸಿಯಾಕ್ಕೆ ಸುಮಾರು 2,700 ನಾಟಿಕಲ್ ಮೈಲಿ. ನಮ್ಮದು 35 ಅಡಿಯ ದೋಣಿ, ಒಳಗೆ ಇಬ್ಬರು. ಐದೂವರೆ ನಾಟ್ (ಗಂಟೆಗೆ ಅಷ್ಟು ನಾಟಿಕಲ್ ಮೈಲಿ) ವೇಗ ಸಿಕ್ಕರೆ ದಿನಕ್ಕೆ 130 ಮೈಲಿ, ಒಟ್ಟು ಮೂರು ವಾರ. ಚಂಡಮಾರುತದ ಕಾಲ ನವೆಂಬರ್ ಕೊನೆಗೆ ಮುಗಿಯುವುದರಿಂದ ಆಮೇಲೆ ಹೊರಡುವುದು ಕ್ಷೇಮ. ಮೊದಲು ನೈಋತ್ಯಕ್ಕೆ ಇಳಿದು, ಈಶಾನ್ಯದ ವಾಣಿಜ್ಯ ಮಾರುತ ಬೆನ್ನಿಗೆ ಸಿಕ್ಕ ಮೇಲೆ ಪಶ್ಚಿಮಕ್ಕೆ ತಿರುಗುತ್ತೇವೆ.

ಈ ಮೂರು ವಾರ ಎಲ್ಲಕ್ಕಿಂತ ಮೊದಲು ಕಾಪಾಡಬೇಕಾದದ್ದು ನಿದ್ದೆಯನ್ನು. ನಿದ್ದೆಗೆಟ್ಟವರು ಬಿಚ್ಚಬಾರದ ಹಗ್ಗ ಬಿಚ್ಚುತ್ತಾರೆ, ಮೈಯನ್ನು ದೋಣಿಗೆ ಬಿಗಿಯುವ ಹಾರ್ನೆಸ್‌ನ ಕೊಕ್ಕೆ ಹಾಕುವುದನ್ನು ಮರೆಯುತ್ತಾರೆ. ರಾತ್ರಿ ಎಂಟರಿಂದ ಬೆಳಿಗ್ಗೆ ಎಂಟರವರೆಗೆ ಮೂರು ಮೂರು ಗಂಟೆಯ ಪಾಳಿ, ಮಧ್ಯಾಹ್ನ ಇಬ್ಬರಿಗೂ ಸರದಿಯಂತೆ ಇನ್ನೊಂದು ನಿದ್ದೆ. ಮೊದಲ ಮೂರು ದಿನ ಮೈ ಒಗ್ಗುವುದಿಲ್ಲ. ಓಕರಿಕೆಗೆ ಸಿನ್ನರಿಝಿನ್ ಮಾತ್ರೆಯನ್ನು ಹೊರಡುವ ಹಿಂದಿನ ರಾತ್ರಿಯೇ ಶುರುಮಾಡುತ್ತೇವೆ. ಕೆಲವರಿಗೆ ಅದರಿಂದ ಮಂಪರು ಬರುತ್ತದೆ, ಹಾಗಾಗಿ ವೈದ್ಯರನ್ನು ಕೇಳಿ ನೆಲದ ಮೇಲೇ ಒಮ್ಮೆ ತೆಗೆದುಕೊಂಡು ನೋಡಿರಬೇಕು.

ಪಾಳಿಯಲ್ಲಿರುವವರು ಹತ್ತು ನಿಮಿಷಕ್ಕೊಮ್ಮೆ ಎದ್ದು ನಿಂತು ಸುತ್ತಲೂ ನೋಡಬೇಕು. ಇಪ್ಪತ್ತು ನಾಟ್‌ನಲ್ಲಿ ಬರುವ ಹಡಗು ನಮ್ಮ ಐದು ನಾಟ್‌ಗೆ ಎದುರಾದರೆ ಆರು ಮೈಲಿ ಕರಗಲು ಹದಿನೈದು ನಿಮಿಷವೂ ಬೇಡ. ಹತ್ತಿರದ ಹಡಗುಗಳ ರೇಡಿಯೊ ಸಂಕೇತ ಹಿಡಿದು ಎಚ್ಚರಿಸುವ ಎಐಎಸ್ ಅಲಾರಂ ಇದ್ದೇ ಇರುತ್ತದೆ, ಆದರೆ ಎಲ್ಲ ಮೀನುಗಾರಿಕೆ ದೋಣಿಗಳೂ ಸಂಕೇತ ಕಳಿಸುವುದಿಲ್ಲ. ಕಾಕ್‌ಪಿಟ್ (ಚುಕ್ಕಾಣಿಯ ಬಳಿ ಕೂರುವ ತಗ್ಗು ಜಾಗ) ಬಿಟ್ಟು ಡೆಕ್‌ಗೆ ಹೋಗಬೇಕೆಂದರೆ ಮಲಗಿದವರನ್ನು ಎಬ್ಬಿಸಿಯೇ ಹೋಗಬೇಕು. ಒಳಗಿನಿಂದ ಮೆಟ್ಟಿಲು ಹತ್ತಿ ಬರುವಾಗ, ಹೊರಗೆ ಕಾಲಿಡುವ ಮೊದಲೇ ಕೊಕ್ಕೆ ಹಾಕಿರಬೇಕು.

ಗಾಳಿ ಎಷ್ಟೇ ಮೃದುವಾಗಿರಲಿ, ಕತ್ತಲಾಗುವ ಮೊದಲೇ ಮೇನ್‌ಸೇಲ್‌ಗೆ, ಅಂದರೆ ದೊಡ್ಡ ಹಾಯಿಗೆ, ಎರಡು ರೀಫ್ (ಮಡಿಕೆ) ಹಾಕಿ ಕುಗ್ಗಿಸುತ್ತೇವೆ. ವೇಗ ಅರ್ಧ ನಾಟ್ ಇಳಿಯುತ್ತದೆ, ಆದರೆ ನಡುರಾತ್ರಿ ಸ್ಕ್ವಾಲ್ (ಹಠಾತ್ ಬೀಸುವ ಜೋರು ಗಾಳಿ) ಬಂದಾಗ ಇನ್ನೊಬ್ಬರ ನಿದ್ದೆ ಕೆಡುವುದಿಲ್ಲ. ಆಕಾಶದ ಒಂದು ಭಾಗದಲ್ಲಿ ನಕ್ಷತ್ರಗಳು ಕಾಣದಾದರೆ ಅದು ಬರುತ್ತಿದೆ ಎಂದೇ ಲೆಕ್ಕ. 15 ನಾಟ್ ಇದ್ದ ಗಾಳಿ ಕೆಲವೇ ನಿಮಿಷದಲ್ಲಿ 30 ದಾಟಬಹುದು. ಮುಂದಿನ ಹಾಯಿಯನ್ನು ಕಾಕ್‌ಪಿಟ್‌ನಿಂದಲೇ ಒಬ್ಬರು ಸುತ್ತಿಬಿಡಬಹುದು. ಮೇನ್‌ಸೇಲ್‌ನ ಕೆಳಗಿನ ಅಡ್ಡಕಂಬವಾದ ಬೂಮ್‌ನ ತುದಿಯಿಂದ ದೋಣಿಯ ಮೂತಿಯವರೆಗೆ ಹೋಗಿ ಕಾಕ್‌ಪಿಟ್‌ಗೆ ಮರಳುವ ಪ್ರಿವೆಂಟರ್ ಹಗ್ಗ ಯಾವಾಗಲೂ ಬಿಗಿಯಾಗಿರಬೇಕು. ಅದಿಲ್ಲದೆ ಬೂಮ್ ತಾನಾಗಿ ಅತ್ತಿಂದಿತ್ತ ಹಾರಿದರೆ ತಲೆಗೆ ಬಡಿದು ಜೀವವೇ ಹೋಗಬಹುದು.

ಚುಕ್ಕಾಣಿ ಹಿಡಿಯುವುದು ಗಾಳಿಯ ಬಲದಿಂದಲೇ ನಡೆಯುವ ವಿಂಡ್‌ವೇನ್ ಸಾಧನ. ಅದಕ್ಕೆ ಕರೆಂಟು ಬೇಡ. ಎಲೆಕ್ಟ್ರಿಕ್ ಆಟೊಪೈಲಟ್ ಸರಾಸರಿ ನಾಲ್ಕು ಆಂಪಿಯರ್ ಎಳೆದರೂ ದಿನಕ್ಕೆ 96 ಆಂಪಿಯರ್-ಅವರ್ ಆಯಿತು. 300 ವಾಟ್‌ನ ಸೋಲಾರ್ ಫಲಕ ಕೊಡುವುದೇ ಹೆಚ್ಚುಕಡಿಮೆ ಅಷ್ಟು. ಅದೂ ಪಶ್ಚಿಮಕ್ಕೆ ಹೋಗುವಾಗ ಮಧ್ಯಾಹ್ನದ ಮೇಲೆ ಹಾಯಿಗಳ ನೆರಳು ಹಿಂಭಾಗದ ಫಲಕದ ಮೇಲೇ ಬೀಳುತ್ತದೆ. ವಿಂಡ್‌ವೇನ್‌ಗೆ ಕಾಟ ಕೊಡುವುದು ಸಾರ್ಗಾಸಮ್ ಪಾಚಿ. ಅದರ ನೀರೊಳಗಿನ ಭಾಗಕ್ಕೆ ಸುತ್ತಿಕೊಂಡರೆ ಉದ್ದ ಕೊಕ್ಕೆಕೋಲಿನಿಂದ ಬಿಡಿಸಬೇಕು.

ಈ ದಾರಿಯಲ್ಲಿ ಬಿರುಗಾಳಿಗಿಂತ ಹೆಚ್ಚು ಹಾನಿ ಮಾಡುವುದು ಸವೆತ. ಗಾಳಿ ಬೆನ್ನಿಗಿದ್ದರೆ ದೋಣಿ ಬಿಡದೆ ಹೊರಳುತ್ತದೆ. ಐದು ಸೆಕೆಂಡಿಗೊಮ್ಮೆ ಎಂದರೂ ದಿನಕ್ಕೆ 17,000ಕ್ಕೂ ಹೆಚ್ಚು ಸಲ ಅದೇ ಹಗ್ಗ ಅದೇ ಜಾಗದಲ್ಲಿ ಉಜ್ಜುತ್ತದೆ. ಬೆಳಿಗ್ಗೆ ಬೆಳಕಾದ ಕೂಡಲೇ ಒಂದು ಸುತ್ತು. ಡೆಕ್ ಮೇಲೆ ಬಿದ್ದ ಹಾರುಮೀನು ಹೆಕ್ಕುತ್ತಲೇ, ಎಲ್ಲಾದರೂ ಉದುರಿದ ಸ್ಪ್ಲಿಟ್ ಪಿನ್ ಅಥವಾ ಸ್ಕ್ರೂ ಇದೆಯೇ ಎಂದು ಹುಡುಕುತ್ತೇವೆ. ಸಿಕ್ಕರೆ ಅದು ಎಲ್ಲಿಂದ ಬಿತ್ತೆಂದು ಗೊತ್ತಾಗುವವರೆಗೆ ತಿಂಡಿ ಇಲ್ಲ. ಬೈನಾಕ್ಯುಲರ್‌ನಲ್ಲಿ ಮಾಸ್ಟ್‌ನ (ಹಾಯಿಕಂಬದ) ತುದಿ ನೋಡಬೇಕು. ಮೇನ್‌ಸೇಲ್ ಮಾಸ್ಟ್ ಹಿಡಿದಿರುವ ಪಕ್ಕದ ತಂತಿಗಳಿಗೆ ಒರಗುವ ಕಡೆ ಹೊಲಿಗೆ ಬಿಟ್ಟಿದೆಯೇ ಎಂದು ಕೈಯಾಡಿಸಬೇಕು. ಹಾಯಿ ಏರಿಸುವ ಹ್ಯಾಲ್ಯರ್ಡ್ ಹಗ್ಗವನ್ನು ದಿನವೂ ಹತ್ತು ಸೆಂಟಿಮೀಟರ್‌ನಷ್ಟು ಸಡಿಲಿಸಿದರೆ ರಾಟೆಯ ಮೇಲೆ ಬೇರೆ ಭಾಗ ಕೂರುತ್ತದೆ. ಕಂಬಿಗೆ ತಾಗುವ ಹಗ್ಗಕ್ಕೆ ನೀರಿನ ಪೈಪಿನ ತುಂಡು ಸೀಳಿ ತೊಡಿಸಿ ಕಟ್ಟುತ್ತೇವೆ.

ಅದೇ ಸುತ್ತಿನಲ್ಲಿ ಬಿಲ್ಜ್ (ದೋಣಿಯ ತಳದ ಗುಂಡಿ) ತೆರೆದು, ಅಲ್ಲಿ ನೀರಿದ್ದರೆ ಬೆರಳಲ್ಲಿ ಅದ್ದಿ ನಾಲಿಗೆಗೆ ಹಚ್ಚಿ ನೋಡುತ್ತೇವೆ. ಉಪ್ಪಾಗಿದ್ದರೆ ಸಮುದ್ರ ಒಳಗೆ ಬರುತ್ತಿದೆ, ಸಪ್ಪೆಯಾಗಿದ್ದರೆ ಕುಡಿಯುವ ನೀರು ಸೋರುತ್ತಿದೆ.

ಕುಡಿಯಲು ಮತ್ತು ಅಡುಗೆಗೆ ತಲೆಗೆ ದಿನಕ್ಕೆ ಮೂರು ಲೀಟರ್. ಪಯಣ ಮೂರು ವಾರದ್ದಾದರೂ ಮೂವತ್ತು ದಿನದ ಲೆಕ್ಕ ಹಿಡಿದು ಇಬ್ಬರಿಗೆ 180 ಲೀಟರ್. ಒಯ್ಯುವುದು ಮಾತ್ರ ಎರಡು ಪ್ರತ್ಯೇಕ ಟ್ಯಾಂಕ್‌ಗಳಲ್ಲಿ 250, ಕ್ಯಾನ್‌ಗಳಲ್ಲಿ 40. ಟ್ಯಾಂಕ್‌ಗಳ ನಡುವಿನ ವಾಲ್ವ್ ಮುಚ್ಚಿಯೇ ಇರಬೇಕು, ಒಂದು ಕೆಟ್ಟರೆ ಇನ್ನೊಂದು ಉಳಿಯುತ್ತದೆ. ಪಂಪು ಕಾಲಿನಿಂದ ಒತ್ತುವಂಥದ್ದೇ ವಾಸಿ. ಎಲೆಕ್ಟ್ರಿಕ್ ಪಂಪಿನಲ್ಲಿ ಎಷ್ಟು ಹೋಯಿತೆಂದು ತಿಳಿಯುವುದಿಲ್ಲ.

ಅಡುಗೆಗೆ ಪ್ರೆಷರ್ ಕುಕ್ಕರ್‌ನಷ್ಟು ಒಳ್ಳೆಯ ಪಾತ್ರೆ ಸಮುದ್ರದಲ್ಲಿ ಇನ್ನೊಂದಿಲ್ಲ, ಮುಚ್ಚಳ ಭದ್ರವಾಗಿರುವುದರಿಂದ ದೋಣಿ ವಾಲಿದರೂ ಚೆಲ್ಲುವುದಿಲ್ಲ. ಅನ್ನದ ನೀರಿನಲ್ಲಿ ಆರರಲ್ಲೊಂದು ಪಾಲು ಸಮುದ್ರದ ನೀರು ಹಾಕಿದರೆ ಬೇರೆ ಉಪ್ಪು ಬೇಡ. ಆದರೆ ಬಂದರು ದಾಟಿ ದೂರ ಬಂದ ಮೇಲಷ್ಟೇ ಆ ನೀರು. ಕಾದ ಎಣ್ಣೆ ತೂಗಾಡುವ ಒಲೆಯ ಮೇಲೆ ಅಪಾಯ. ಅದಕ್ಕೆ ಗೊಜ್ಜವಲಕ್ಕಿ ಪುಡಿ, ಚಟ್ನಿಪುಡಿಗಳನ್ನು ಒಗ್ಗರಣೆ ಸಮೇತ ದಡದಲ್ಲೇ ಮಾಡಿಟ್ಟುಕೊಳ್ಳುತ್ತೇವೆ. ಅಲೆ ಜೋರಿದ್ದ ದಿನ ಒಲೆ ಹಚ್ಚದೆ ಅವಲಕ್ಕಿ ನೆನೆಸಿದರೆ ಊಟ ಆಯಿತು. ಎಲೆಕೋಸು ಮೂರು ವಾರ ಬಾಳುತ್ತದೆ, ಬಾಳೆಗೊನೆ ಮಾತ್ರ ಎಲ್ಲ ಒಟ್ಟಿಗೇ ಹಣ್ಣಾಗುತ್ತದೆ. ಫ್ರಿಜ್‌ನಲ್ಲಿಡದ, ತೊಳೆಯದ ಮೊಟ್ಟೆ ಕೊಂಡು ಎರಡು ದಿನಕ್ಕೊಮ್ಮೆ ತಿರುಗಿಸಿಡಬೇಕು. ರಟ್ಟಿನ ಡಬ್ಬಗಳನ್ನು ದಡದಲ್ಲೇ ಬಿಡಬೇಕು, ಅದರ ಮಡಿಕೆಗಳಲ್ಲಿ ಜಿರಳೆ ಮೊಟ್ಟೆ ಇರಬಹುದು.

ಉಪ್ಪು ತೇವ ಹೀರುತ್ತಲೇ ಇರುವುದರಿಂದ ಉಪ್ಪು ಹಿಡಿದ ಬಟ್ಟೆ ಒಣಗುವುದೇ ಇಲ್ಲ, ಕುಳಿತಲ್ಲಿ ಚರ್ಮ ಹುಣ್ಣಾಗುತ್ತದೆ. ಮಲಗುವ ಮೊದಲು ಅರ್ಧ ಲೀಟರ್ ಸಿಹಿನೀರಿನಲ್ಲಿ ಮೈ ಒರೆಸಿಕೊಳ್ಳುವುದು ಇಬ್ಬರಿಗೂ ಕಡ್ಡಾಯ. ಉಪ್ಪು ಹಿಡಿದ ಬಟ್ಟೆ ತೊಟ್ಟು ಹಾಸಿಗೆಗೆ ಹೋಗುವಂತಿಲ್ಲ.

ಪಾಳಿ ಬದಲಾದಾಗಲೆಲ್ಲ ಲಾಗ್ ಪುಸ್ತಕದಲ್ಲಿ ಸ್ಥಾನ, ಗಾಳಿ, ಬ್ಯಾಟರಿ, ಬ್ಯಾರೋಮೀಟರ್ ಬರೆಯುತ್ತೇವೆ. ಉಷ್ಣವಲಯದಲ್ಲಿ ಒತ್ತಡ ದಿನಕ್ಕೆರಡು ಬಾರಿ ತಾನೇ ಏರಿ ಇಳಿಯುತ್ತದೆ. ಹಾಗಾಗಿ ನಿನ್ನೆ ಇದೇ ಹೊತ್ತಿನ ಅಂಕಿಗೆ ಹೋಲಿಸಬೇಕು. ಮೂರು ಮಿಲಿಬಾರ್‌ಗಿಂತ ಹೆಚ್ಚು ಇಳಿದಿದ್ದರೆ ಎಚ್ಚರ. ಲಾಗ್ ಯುಟಿಸಿ (ಜಾಗತಿಕ ಪ್ರಮಾಣ) ಸಮಯದಲ್ಲಿ; ಗೋಡೆಯ ಗಡಿಯಾರ ಮಾತ್ರ 15 ಡಿಗ್ರಿ ರೇಖಾಂಶಕ್ಕೆ ಒಂದು ಗಂಟೆ ಹಿಂದಕ್ಕೆ. ಆ ಹೆಚ್ಚಿನ ಗಂಟೆಯನ್ನು ಹಗಲಿನಲ್ಲೇ ಸೇರಿಸುತ್ತೇವೆ, ಇಲ್ಲದಿದ್ದರೆ ಅದು ಒಬ್ಬರ ರಾತ್ರಿ ಪಾಳಿಯ ಮೇಲೆ ಬೀಳುತ್ತದೆ.

ಕೊನೆಯ ನೂರು ಮೈಲಿಯಲ್ಲಿ ತಲುಪುವ ಹೊತ್ತನ್ನು ಲೆಕ್ಕ ಹಾಕುತ್ತೇವೆ. ಐದೂವರೆ ನಾಟ್ ಬದಲು ನಾಲ್ಕೂವರೆಗೆ ಇಳಿಸಿದರೆ ಸುಮಾರು ನಾಲ್ಕು ಗಂಟೆ ತಡವಾಗುತ್ತದೆ. ನಸುಕಿನಲ್ಲಿ ದಡ ಕಾಣುವಂತಿದ್ದರೆ ಅದು ಬೆಳಗಾದ ಮೇಲೆ ಕಾಣುವಂತೆ ಹಾಯಿ ಕುಗ್ಗಿಸುತ್ತೇವೆ, ಆ ರಾತ್ರಿಯೂ ಪಾಳಿ ತಪ್ಪಿಸದೆ ಮಲಗುತ್ತೇವೆ.